ಹಾಸಿಗೆಯೂ ಬೆನ್ನುನೋವೂ

ಸಂತೆಯಲ್ಲಿ ಬದನೆಕಾಯಿಯನ್ನು ಕೊಳ್ಳುವಾಗ ನಾವು ತೋರಿಸುವ ಎಚ್ಚರಿಕೆಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿರಿ. ತೊಟ್ಟನ್ನು ನೋಡುವೆವು, ಹುಳುಕಿನ ತೂತನ್ನು ಹುಡುಕುವೆವು, ಕೈಯಲ್ಲಿ ತೂಗಿ ನೋಡುವೆವು, ಕಡೆಗೆ ಒಂದು ರೂಪಾಯಿಯನ್ನಾದರೂ ಇಳಿಸಿಕೊಂಡ ಹೊರತು ಬಿಡೆವು. ಒಂದು ಹೊತ್ತಿನ ಹುಳಿಗೆ ಬೀಳತಕ್ಕ ಕಾಯಿಗೆ ಇಷ್ಟು ಪರೀಕ್ಷೆ! ಆದರೆ ಹತ್ತು ವರುಷ ನಮ್ಮ ಬೆನ್ನನ್ನು ಹೊರತಕ್ಕ ಹಾಸಿಗೆಯನ್ನು ಕೊಳ್ಳುವಾಗ ಅಂಗಡಿಯ ಬಾಗಿಲಲ್ಲಿ ನಿಂತು, ಮುಷ್ಟಿಯಿಂದ ಎರಡು ಸಲ ಒತ್ತಿ, ಮೇಲಿನ ಬಟ್ಟೆಯ ಹೂವಿನ ಬಣ್ಣವನ್ನು ಮೆಚ್ಚಿ, ಹಣವನ್ನೆಣಿಸಿಕೊಟ್ಟು ಬರುವೆವು. ದಿನಕ್ಕೆ ೮ ಗಂಟೆಯಂತೆ ಮಲಗುವವನು ೬೦ ವರುಷ ಬಾಳಿದರೆ ಅದರಲ್ಲಿ ೨೦ ವರುಷಗಳನ್ನು ಹಾಸಿಗೆಯ ಮೇಲೆಯೇ ಕಳೆದಂತಾಯಿತು. ಇದು ಪ್ರಾಥಮಿಕ ಶಾಲೆಯ ಹುಡುಗನೂ ಮಾಡತಕ್ಕ ಲೆಕ್ಕ. ಆದರೂ ನಾವು ಇದನ್ನು ಮಾಡುವುದಿಲ್ಲ.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಉದಾಸೀನರಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು, ಎಂದರೆ ಮನೆಯನ್ನು ಎತ್ತಿಹಿಡಿಯುವ ಒತ್ತುಗಂಬಗಳೆಂದು ಹೇಳಿದೆ. ನಿದ್ರೆ ಬಾರದವನಿಗೆ ಅದೇ ಗ್ರಂಥವು ಸೂಚಿಸುವ ಉಪಾಯಗಳಲ್ಲಿ ಅಭ್ಯಂಗ, ಸ್ನಾನ, ಹಾಲು ಮೊದಲಾದವುಗಳ ಜೊತೆಗೆ ಚೆನ್ನಾಗಿ ಹಾಸಿದ ಹಾಸಿಗೆಯೂ ಸೇರಿದೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಮಂಚ, ಹತ್ತಿಯ ಹಾಸಿಗೆ, ಬರಿಯ ನೆಲ, ಮರದ ಹಲಗೆ ಇವುಗಳ ಗುಣಗಳನ್ನು ಬೇರೆಬೇರೆಯಾಗಿ ವಿವರಿಸಿ, ಹಲಗೆಯ ಮೇಲೆ ಮಲಗಿದರೆ ವಾತವು ಹೆಚ್ಚುವುದೆಂದು ತಿಳಿಸಿದ್ದಾನೆ. ಪ್ರೌಢಶಾಲೆಯಲ್ಲಿ ಮೂವತ್ತು ವರುಷ ಸಂಸ್ಕೃತಪಾಠ ಹೇಳಿದ ನಾನು ಇದನ್ನು ಓದಿದ್ದೆನು. ಓದಿದ್ದೂ ಹನ್ನೊಂದು ವರುಷ ಹಲಗೆಯ ಮೇಲೆ ಮಲಗಿದೆನು. ನಾನೊಬ್ಬನೇ ಮಲಗಿದ್ದರೆ ಈ ಲೇಖನವನ್ನು ಬರೆಯುವ ಅಗತ್ಯವೇನೂ ಇರಲಿಲ್ಲ.

೨೦೧೩ನೆಯ ಇಸವಿಯ ಕಡೆಯಲ್ಲಿ, ಮಾಗಿಯ ಚಳಿ ಕಾಲಿಡುವ ಹೊತ್ತಿಗೆ, ಒಂದು ಬೆಳಿಗ್ಗೆ ನೀರಿನ ಬಿಂದಿಗೆಯನ್ನೆತ್ತಲು ಬಗ್ಗಿದವನು ಮತ್ತೆ ನೆಟ್ಟಗಾಗಲಾರದೆ ಹೋದೆನು. ಹದಿನೈದು ದಿನ ಶಾಲೆಗೆ ರಜೆ ಹಾಕಬೇಕಾಯಿತು. ಮೂಳೆಯ ವೈದ್ಯರೊಬ್ಬರು ಪರೀಕ್ಷಿಸಿ, ಮಾತ್ರೆಗಳನ್ನು ಬರೆದುಕೊಟ್ಟು, "ಮೆತ್ತನೆಯ ಹಾಸಿಗೆಯನ್ನು ಇಂದೇ ಬಿಟ್ಟುಬಿಡಿ, ಮೇಷ್ಟ್ರೇ. ಮಂಚದ ಮೇಲೆ ಹಲಗೆ ಹಾಕಿಸಿ, ತೆಳ್ಳಗೆ ಏನಾದರೂ ಹಾಸಿಕೊಂಡು ಮಲಗಿ" ಎಂದರು. ಅವರನ್ನು ದೂರುವುದಕ್ಕಿಲ್ಲ. ಬೆನ್ನುನೋವಿನವರಿಗೆ ಎಷ್ಟು ಗಟ್ಟಿಯಾದರೆ ಅಷ್ಟು ಒಳ್ಳೆಯದೆಂಬ ಉಪದೇಶವು ಅನೇಕ ದೇಶಗಳಲ್ಲಿ ದಶಕಗಟ್ಟಳೆಯಾಗಿ ನಡೆದುಬಂದದ್ದು. ನಾನು ಆ ದಿನವೇ ಬಡಗಿಯನ್ನು ಕರೆಸಿ, ಮಂಚದ ಅಳತೆಗೆ ಸರಿಯಾಗಿ ದಪ್ಪನಾದ ಪ್ಲೈವುಡ್ಡಿನ ಹಲಗೆಯನ್ನು ಕೂರಿಸಿ, ಅದರ ಮೇಲೆ ಜಮಖಾನವನ್ನು ಎರಡು ಮಡಿಕೆಯಾಗಿ ಹಾಸಿದೆನು. ಮೂರು ನಾಲ್ಕು ವಾರಗಳಲ್ಲಿ ನೋವು ಬಹಳಮಟ್ಟಿಗೆ ಇಳಿಯಿತು.

ಇಲ್ಲಿಯೇ ನಾನು ಎಡವಿದ್ದು. ಥಟ್ಟನೆ ಹಿಡಿದುಕೊಂಡ ಬೆನ್ನುನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಕಡಮೆಯಾಗುವುದೆಂಬುದನ್ನು ನಾನು ಅರಿಯದೆ, ಕೀರ್ತಿಯನ್ನೆಲ್ಲ ಹಲಗೆಗೆ ಕೊಟ್ಟೆನು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತು. ಕಾಕತಾಳೀಯನ್ಯಾಯವನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದರೇನು, ಮನೆಯಲ್ಲಿ ಅದನ್ನು ಗುರುತಿಸಲಾರದೆ ಹೋದೆನು. ಆಮೇಲೆ ದಿನವೂ ಬೆಳಿಗ್ಗೆ ಎದ್ದ ಕೂಡಲೆ ಸೊಂಟವು ಮರದ ತುಂಡಿನಂತಾಗಿ, ಸ್ನಾನವಾಗುವವರೆಗೂ ಸಡಿಲವಾಗುತ್ತಿರಲಿಲ್ಲ. ವಯಸ್ಸಾಯಿತೆಂದು ಸಮಾಧಾನ ಮಾಡಿಕೊಂಡೆನು.

ಹಲಗೆ ಬಂದ ದಿನವೇ ನಮ್ಮ ಹಳೆಯ ಅರಳೆಯ ಹಾಸಿಗೆ ಅಟ್ಟವನ್ನೇರಿತು. ಅದು ೧೯೯೨ರಲ್ಲಿ, ನಮ್ಮ ಮದುವೆಯಲ್ಲಿ, ಮಾವನವರು ಮಾಡಿಸಿಕೊಟ್ಟದ್ದು. ಪಿಂಜಾರರು ಮನೆಯ ಅಂಗಳಕ್ಕೇ ಬಂದು, ಉದ್ದನೆಯ ಬಿಲ್ಲನ್ನು ಕಟ್ಟಿ, ಅದರ ನರವನ್ನು ಮರದ ಕೊಡತಿಯಿಂದ ಮೀಟುತ್ತ ಹತ್ತಿಯನ್ನು ಹಿಂಜಿದರಂತೆ. ಆ ನಾದವು ಬೀದಿಯ ಕೊನೆಯವರೆಗೂ ಕೇಳುತ್ತಿತ್ತೆಂದು ನಮ್ಮ ಮನೆಯಾಕೆಯು ಈಗಲೂ ಹೇಳುವಳು. ಪ್ರಸಂಗವಶಾತ್ ಒಂದು ಮಾತು: ಹತ್ತಿಯನ್ನು ಹಿಂಜುವ ಬಿಲ್ಲಿಗೆ ಸಂಸ್ಕೃತದಲ್ಲಿ ಪಿಂಜನವೆಂದೇ ಹೆಸರು. ಆ ಹೆಸರು ಕಸುಬಿನವರಲ್ಲಿಯೂ ಉಳಿದುಬಂದಿದೆ. ನಮ್ಮ ನಾಡಿನ ಪಿಂಜಾರರು, ನದಾಫರೆಂದೂ ಕರೆಯಿಸಿಕೊಳ್ಳುವವರು, ತಲೆತಲಾಂತರದಿಂದ ಈ ಕೆಲಸದಲ್ಲಿ ನಿಪುಣರು. ಅವರ ಬಿಲ್ಲಿನ ನಾದವು ನಮ್ಮ ತಿಪಟೂರಿನ ಬೀದಿಗಳಲ್ಲಿ ಕೇಳಿಬಂದು ಎಷ್ಟೋ ವರುಷಗಳಾದವು.

ಇನ್ನು ಮುಖ್ಯ ವಿಷಯಕ್ಕೆ ಬರುವೆನು. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ನಮ್ಮ ಮಗನು ನೀರು ಕುಡಿಯಲೆಂದು ನಡುರಾತ್ರಿಯಲ್ಲಿ ಎದ್ದು, ನಡುಮನೆಯಲ್ಲಿ ತನ್ನ ತಾಯಿ ನೆಲದ ಮೇಲೆ ಎರಡು ಕಂಬಳಿಗಳನ್ನು ಹಾಸಿಕೊಂಡು ಮಲಗಿರುವುದನ್ನು ಕಂಡನು. ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ, "ಅಪ್ಪಾ, ಅಮ್ಮ ಏತಕ್ಕೆ ನೆಲದ ಮೇಲೆ ಮಲಗುತ್ತಾಳೆ?" ಎಂದು ಕೇಳಿದನು. ನಾನು ಅವಳ ಮುಖವನ್ನು ನೋಡಿದೆನು. ಅವಳು ಮೊದಲು ಸೆಕೆಯೆಂದಳು. ಮಗನು ಬಿಡಲಿಲ್ಲ. ಕಡೆಗೆ, "ಹಲಗೆಯ ಮೇಲೆ ಮಗ್ಗುಲಾದರೆ ಭುಜವೂ ಸೊಂಟದ ಮೂಳೆಯೂ ಒತ್ತಿ ನೋಯುತ್ತವೆ. ಎರಡು ಗಂಟೆಯ ಮೇಲೆ ಮಲಗಲಾಗುವುದಿಲ್ಲ" ಎಂದಳು.

"ಎಂದಿನಿಂದ?" ಎಂದೆನು.

"ಹಲಗೆ ಹಾಕಿದಂದಿನಿಂದ."

"ನನಗೇಕೆ ಹೇಳಲಿಲ್ಲ?"

"ನಿಮ್ಮ ಬೆನ್ನಿಗೆ ಅದೇ ಔಷಧವೆಂದು ಡಾಕ್ಟರು ಹೇಳಿದ್ದರಲ್ಲವೆ? ನಾನು ಬಾಯಿಬಿಟ್ಟರೆ ನೀವು ಹಲಗೆಯನ್ನು ತೆಗೆಸಿಬಿಡುತ್ತಿದ್ದಿರಿ. ಮತ್ತೆ ನಿಮಗೆ ನೋವು ಬಂದರೆ?"

ನಮ್ಮ ಮನೆಯಾಕೆಯು ಬ್ರಾಹ್ಮೀಮುಹೂರ್ತಕ್ಕೂ ಮೊದಲೇ ಏಳುವಳೆಂದು ನಾನು ನೆಂಟರಿಷ್ಟರ ಮುಂದೆ ಎಷ್ಟೋ ಸಲ ಹೊಗಳಿಕೊಂಡಿದ್ದೆನು. ಆ ಹೊಗಳಿಕೆಗೆ ಕಾರಣವಾದದ್ದು ಅವಳ ಭುಜದ ನೋವೆಂದು ತಿಳಿದಾಗ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆನು. ಬೇರೆ ಮಾತು ತೋಚಲಿಲ್ಲ.

ಗಟ್ಟಿಯಾದ ಹಾಸು ಏತಕ್ಕೆ ಎಲ್ಲರಿಗೂ ಹೊಂದದೆಂಬುದನ್ನು ತಿಳಿಯಬೇಕಾದರೆ ಬೆನ್ನೆಲುಬಿನ ಆಕಾರವನ್ನು ನೋಡಬೇಕು. ಅದು ಒನಕೆಯಂತೆ ನೇರವಾದದ್ದಲ್ಲ. ಕತ್ತಿನಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫ ಮಣಿಗಳು ಒಂದರ ಮೇಲೊಂದು ಕುಳಿತು, ಕತ್ತಿನಲ್ಲಿಯೂ ಸೊಂಟದಲ್ಲಿಯೂ ಮುಂದಕ್ಕೆ ಬಾಗಿ, ನಡುವೆ ಎದೆಯ ಭಾಗದಲ್ಲಿ ಹಿಂದಕ್ಕೆ ಬಾಗಿರುವುವು. ಅಂಗಾತವಾಗಿ ಹಲಗೆಯ ಮೇಲೆ ಮಲಗಿದವನ ಹೆಗಲೂ ಪೃಷ್ಠವೂ ಹಲಗೆಯನ್ನು ಮುಟ್ಟುವುವು. ಸೊಂಟವು ಮಾತ್ರ ಆಧಾರವಿಲ್ಲದೆ ಸೇತುವೆಯಂತೆ ತೂಗುವುದು. ಮಗ್ಗುಲಾಗಿ ಮಲಗಿದವನ ಭಾರವೆಲ್ಲ ಭುಜದ ತುದಿ, ಸೊಂಟದ ಮೂಳೆ ಎಂಬ ಎರಡೇ ಸ್ಥಳಗಳಲ್ಲಿ ಬೀಳುವುದು. ಸೊಂಟವು ಅಗಲವಾಗಿರುವ ಸ್ತ್ರೀಯರಿಗೆ ಈ ಬಾಧೆ ಹೆಚ್ಚು. ಬಹಳ ಮೆತ್ತನೆಯ ಹಾಸಿಗೆಯಲ್ಲಾದರೋ ದೇಹದ ಅತಿ ಭಾರವಾದ ನಡುಭಾಗವು ಜೋಲಿಯಲ್ಲಿ ಬಿದ್ದಂತೆ ಕುಸಿದು ಬೆನ್ನೆಲುಬು ಬಾಗುವುದು. ಮಣಿಗಳ ನಡುವಣ ಡಿಸ್ಕುಗಳೆಂಬ ಮೆತ್ತೆಗಳು ಹಗಲೆಲ್ಲ ಮೈಭಾರಕ್ಕೆ ಸಿಕ್ಕಿ ನೀರನ್ನು ಕಳೆದುಕೊಂಡು, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುವುವು. ಆದುದರಿಂದಲೇ ನಾವು ಬೆಳಿಗ್ಗೆ ಎದ್ದಾಗ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟಾದರೂ ಎತ್ತರವಾಗಿರುವುದು. ಬೆನ್ನಿಗೂ ರಾತ್ರಿಯೇ ಊಟದ ಹೊತ್ತೆಂದು ಹೇಳಬಹುದು.

ಇದು ಬರಿಯ ಊಹೆಯಲ್ಲ. ಸ್ಪೇನ್ ದೇಶದ ವೈದ್ಯರು ಬಹುಕಾಲದ ಸೊಂಟನೋವಿನಿಂದ ಬಳಲುತ್ತಿದ್ದ ೩೧೩ ಜನರನ್ನು ತೆಗೆದುಕೊಂಡು, ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಗಟ್ಟಿಯಾದ ಹಾಸಿಗೆಯನ್ನೂ ಇನ್ನೊಂದು ಗುಂಪಿನವರಿಗೆ ಮಧ್ಯಮವಾದ ಗಟ್ಟಿತನದ ಹಾಸಿಗೆಯನ್ನೂ ಕೊಟ್ಟರು. ಯಾರದು ಯಾವುದೆಂದು ಮಲಗುವವರಿಗೆ ತಿಳಿಸಲಿಲ್ಲ. ೯೦ ದಿನಗಳಾದ ಮೇಲೆ ನೋಡಲು, ಮಲಗಿದಾಗಿನ ನೋವು, ಏಳುವಾಗಿನ ನೋವು, ಹಗಲಿನ ಕೆಲಸಕ್ಕೆ ಬರುವ ಅಡ್ಡಿ, ಇವೆಲ್ಲದರಲ್ಲಿಯೂ ಮಧ್ಯಮದವರೇ ಹೆಚ್ಚು ಗುಣ ಕಂಡಿದ್ದರು. ೨೦೦೩ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ನಮ್ಮ ಮನೆಗೆ ಹಲಗೆ ಬಂದದ್ದು ಅದಾದ ಹತ್ತು ವರುಷಗಳ ಮೇಲೆ! ವಿದ್ಯೆಯು ಹಡಗಿನಲ್ಲಿ ಬರುತ್ತಿದ್ದ ಕಾಲದಲ್ಲಿ ಇಷ್ಟು ತಡವಾಗಿದ್ದರೆ ಆಶ್ಚರ್ಯಪಡಬೇಕಾಗಿರಲಿಲ್ಲ.

ಮಗನು ಊರಿಗೆ ಹಿಂದಿರುಗಿದ ವಾರದಲ್ಲಿಯೇ ನಮ್ಮ ಬಾಗಿಲಿಗೆ ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ಬಂದಿತು. ಒಳಗೆ ಚಾಪೆಯಂತೆ ಸುತ್ತಿದ ಹಾಸಿಗೆ. ಪ್ಲಾಸ್ಟಿಕ್ಕನ್ನು ಕತ್ತರಿಸಿದ ಕೂಡಲೆ ಅದು ಉಸಿರೆಳೆದುಕೊಂಡು ಹಿಟ್ಟು ಹುಳಿಬಂದಂತೆ ಉಬ್ಬತೊಡಗಿತು. ಪಕ್ಕದ ಮನೆಯ ಮಕ್ಕಳು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಇದಕ್ಕೆ ಮೆಮೊರಿ ಫೋಮ್ ಎಂದು ಹೆಸರು. ೧೯೬೬ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬವರು ವಿಮಾನದ ಆಸನಗಳ ಮೆತ್ತೆಗೆಂದು ಇಂಥ ವಸ್ತುವನ್ನು ನಿರ್ಮಿಸಿದರು. ಮೈಯ ಬಿಸಿಗೂ ಭಾರಕ್ಕೂ ನಿಧಾನವಾಗಿ ಇಳಿದು, ಮೈಯ ಅಚ್ಚನ್ನು ಹಿಡಿದು, ಎದ್ದ ಮೇಲೆ ನಿಧಾನವಾಗಿಯೇ ಮೊದಲಿನಂತಾಗುವುದು ಇದರ ಗುಣ. ಭುಜಕ್ಕೂ ಸೊಂಟಕ್ಕೂ ಇದರಿಂದ ಸುಖವುಂಟೆಂಬುದು ನಿಜ. ಮೊದಲ ರಾತ್ರಿ ನಮ್ಮ ಮನೆಯಾಕೆಯು ಚೆನ್ನಾಗಿ ಮಲಗಿದಳು. ಆದರೆ ಅದು ಏಪ್ರಿಲ್ ತಿಂಗಳು. ಆ ಹಾಸಿಗೆಯು ಮೈಯ ಕಾವನ್ನು ಬಿಟ್ಟುಕೊಡದು. ಎರಡನೆಯ ರಾತ್ರಿ ಇಬ್ಬರೂ ಬೆವತು ಎದ್ದು ಕುಳಿತೆವು. ಅದಲ್ಲದೆ ನನಗೆ ಮಗ್ಗುಲಾಗಬೇಕಾದರೆ ಗುಂಡಿಯಿಂದ ಮೇಲೇಳುವಷ್ಟು ಪ್ರಯಾಸವಾಗುತ್ತಿತ್ತು. ತರುಣರಿಗೆ, ತಂಪಾದ ಊರಿನವರಿಗೆ ಅದು ಹೊಂದಬಹುದು. ವಯಸ್ಸಾದವರು ಕೊಳ್ಳುವ ಮೊದಲು ಅದರ ಮೇಲೆ ಹೊರಳಿ ನೋಡತಕ್ಕದ್ದು. ನೂರು ರಾತ್ರಿಗಳೊಳಗೆ ಹಿಂದಕ್ಕೆ ಕೊಡಬಹುದೆಂಬ ಕರಾರಿದ್ದುದರಿಂದ ಹಿಂದಕ್ಕೆ ಕೊಟ್ಟೆವು. ಇಂಥ ಕರಾರನ್ನು ಕೊಳ್ಳುವ ಮುನ್ನ ಪೂರ್ತಿಯಾಗಿ ಓದಿಕೊಳ್ಳುವುದೂ, ಹಾಸಿಗೆಗೆ ಕಲೆಯಾಗದಂತೆ ಹೊದಿಕೆ ಹಾಕುವುದೂ ಅವಶ್ಯಕ.

ಆಮೇಲೆ ನಾನು ಪರೀಕ್ಷೆಗೆ ಕುಳಿತ ಹುಡುಗನಂತೆ ಹಾಸಿಗೆಯ ದ್ರವ್ಯಗಳನ್ನು ವ್ಯಾಸಂಗ ಮಾಡಿದೆನು. ಅರಳೆಯು ಬೆವರನ್ನು ಹೀರುವುದು, ತಂಪಾಗಿರುವುದು, ಸವೆದರೆ ಮತ್ತೆ ಹಿಂಜಿಸಬಹುದು. ಆದರೆ ಅದಕ್ಕೆ ಚಿಮ್ಮುವ ಶಕ್ತಿಯಿಲ್ಲ. ಕೆಲವು ವರುಷಗಳಲ್ಲಿ ನಡುಭಾಗ ಹಳ್ಳವಾಗಿ ಅಂಚುಗಳಲ್ಲಿ ಗಂಟುಕಟ್ಟುವುದು. ಬೂರುಗದ ಅರಳೆಯು ಬಹು ಹಗುರ, ನೀರನ್ನು ಹೀರದು; ದಿಂಬಿಗೆ ಪ್ರಶಸ್ತ. ತೆಂಗಿನ ನಾರಿನ ಹಾಸಿಗೆಯನ್ನು ಅಂಗಡಿಯವರು ಕಾಯರ್ ಬೆಡ್ಡೆನ್ನುವರು. ತೆಂಗಿನ ಸೀಮೆಯವನಾದ ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತವುಂಟು, ವಾಚಕರು ಮನ್ನಿಸಬೇಕು. ನಾರನ್ನು ಹಗ್ಗದಂತೆ ಹೊಸೆದು, ಮತ್ತೆ ಬಿಚ್ಚಿದರೆ ಅದು ಗುಂಗುರು ಕೂದಲಿನಂತೆ ಸುರುಳಿಯಾಗಿ ನಿಲ್ಲುವುದು. ಆ ಸುರುಳಿನಾರಿಗೆ ರಬ್ಬರಿನ ಹಾಲನ್ನು ಸಿಂಪಡಿಸಿ, ಪದರಗಳಾಗಿ ಜೋಡಿಸಿ, ಒತ್ತಿ, ಬಿಸಿಯಲ್ಲಿ ಪಕ್ವಮಾಡುವರು. ಗಾಳಿಯಾಡುವುದು, ಗಟ್ಟಿ, ಬೆಲೆಯೂ ಮಿತ. ಆದರೆ ಬರಿಯ ನಾರಿನ ಹಾಸಿಗೆಯು ಭುಜಕ್ಕೆ ಬಿರುಸು. ವರುಷಗಳು ಕಳೆದಂತೆ ಮಲಗುವ ಜಾಗದಲ್ಲಿ ತಗ್ಗುವುದೂ ಉಂಟು. ರಬ್ಬರ್ ಮರದ ಹಾಲನ್ನೇ ನೊರೆಯೆಬ್ಬಿಸಿ ಮಾಡಿದ ಲೇಟೆಕ್ಸ್ ಹಾಸಿಗೆಯು ಮೆತ್ತಗಿದ್ದೂ ಚಿಮ್ಮುವುದು. ಡನ್ಲಪ್ ಕಂಪೆನಿಯವರು ೧೯೨೯ರಲ್ಲಿ ಅದರ ವಿಧಾನವನ್ನು ಕಂಡುಹಿಡಿದರು. ಬೆಲೆಯೂ ತೂಕವೂ ಬಹಳ. ಸ್ಪ್ರಿಂಗಿನ ಹಾಸಿಗೆಗಳಲ್ಲಿ ಎರಡು ಬಗೆ: ಎಲ್ಲ ಸುರುಳಿಗಳನ್ನೂ ತಂತಿಯಿಂದ ಒಂದಕ್ಕೊಂದು ಬಿಗಿದದ್ದು ಒಂದು; ಒಂದೊಂದು ಸುರುಳಿಯನ್ನೂ ಬೇರೆಬೇರೆ ಬಟ್ಟೆಯ ಚೀಲದಲ್ಲಿ ಹೊಲಿದದ್ದು ಮತ್ತೊಂದು. ಎರಡನೆಯದರಲ್ಲಿ ಒಬ್ಬರು ಹೊರಳಿದರೆ ಇನ್ನೊಬ್ಬರಿಗೆ ಅಲುಗಾಟ ಕಡಮೆ.

ಇನ್ನು ಸಾಮಾನ್ಯವಾದ ಫೋಮಿನ ವಿಚಾರ. ಅಂಗಡಿಯವರು "ನಲವತ್ತು ಡೆನ್ಸಿಟಿ" ಎಂದು ಮಂತ್ರದಂತೆ ಹೇಳುವರು. ಒಂದು ಘನಮೀಟರ್ ಫೋಮು ಇಷ್ಟು ಕಿಲೋಗ್ರಾಮ್ ತೂಗುವುದೆಂಬುದೇ ಆ ಶಬ್ದದ ಅರ್ಥ. ಅದು ಗಟ್ಟಿತನದ ಅಳತೆಯಲ್ಲ, ಬಾಳಿಕೆಯ ಸೂಚನೆ. ಸಾಂದ್ರತೆ ಕಡಮೆಯಿದ್ದ ಫೋಮು ಬೇಗನೆ ಕುಸಿಯುವುದು. ಇಲ್ಲಿ ಗೃಹಿಣಿಯರಿಗೆ ಒಂದು ಲೆಕ್ಕವನ್ನು ಕೊಡುವೆನು. ೭೮ ಅಂಗುಲ ಉದ್ದ, ೬೦ ಅಂಗುಲ ಅಗಲ, ೬ ಅಂಗುಲ ದಪ್ಪದ ಹಾಸಿಗೆಯ ಗಾತ್ರವು ಹೆಚ್ಚು ಕಡಮೆ ೦.೪೬ ಘನಮೀಟರ್. ಅದು ಪೂರ್ತಿಯಾಗಿ ೪೦ರ ಸಾಂದ್ರತೆಯ ಫೋಮೇ ಆಗಿದ್ದರೆ ಬಟ್ಟೆಯನ್ನು ಬಿಟ್ಟು ೧೮ ಕಿಲೋಗ್ರಾಮಿಗೆ ಕಡಮೆಯಾಗದಂತೆ ತೂಗಬೇಕು. ೨೮ರ ಸಾಂದ್ರತೆಯದಾದರೆ ೧೩ ಕಿಲೋಗ್ರಾಮ್ ಮಾತ್ರ. ತಕ್ಕಡಿಯನ್ನು ಕೇಳಿದರೆ ಅಂಗಡಿಯವನ ಮುಖವೇ ಉತ್ತರವನ್ನು ಹೇಳುವುದು. ಹಾಗೆಯೇ ಹಾಸಿಗೆಯ ಮೇಲೆ ಆರ್ಥೋಪೆಡಿಕ್ ಎಂದು ದೊಡ್ಡ ಅಕ್ಷರಗಳಲ್ಲಿ ಹೊಲಿದಿದ್ದರೆ ಮರುಳಾಗಬೇಡಿರಿ. ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬ ವೈದ್ಯನು ೧೭೪೧ರಲ್ಲಿ 'ನೇರ', 'ಮಗು' ಎಂಬ ಅರ್ಥದ ಗ್ರೀಕ್ ಶಬ್ದಗಳನ್ನು ಕೂಡಿಸಿ, ಮಕ್ಕಳ ಅಂಗವೈಕಲ್ಯವನ್ನು ತಿದ್ದುವ ವಿದ್ಯೆಗೆ ಆ ಹೆಸರಿಟ್ಟನು. ಹಾಸಿಗೆಗೆ ಅನ್ವಯಿಸುವಾಗ ಅದಕ್ಕೆ ನಿಯತವಾದ ಅಳತೆಯೇನೂ ಇಲ್ಲ. ಬಹಳ ಗಟ್ಟಿಯಾದವಕ್ಕೇ ಅನೇಕ ಸಲ ಆ ಚೀಟಿಯನ್ನು ಹಚ್ಚಿರುವರು.

ಮೇ ತಿಂಗಳಲ್ಲಿ ನಾವಿಬ್ಬರೂ ತುಮಕೂರಿನ ಒಂದು ಅಂಗಡಿಗೆ ಹೋದೆವು. ಹಾಸಿಗೆಯನ್ನು ಪರೀಕ್ಷಿಸಬೇಕಾದರೆ ಅದರ ಮೇಲೆ ಹತ್ತು ಹದಿನೈದು ನಿಮಿಷಗಳಾದರೂ, ಮನೆಯಲ್ಲಿ ಮಲಗುವ ಭಂಗಿಯಲ್ಲಿಯೇ ಮಲಗಬೇಕು. ಇದು ಹೇಳುವುದಕ್ಕೆ ಸುಲಭ. ಆದರೆ ಬೀದಿಗೆ ಗಾಜಿನ ಬಾಗಿಲು, ನಾಲ್ಕಾರು ಹುಡುಗರು, ಬಂದುಹೋಗುವ ಗಿರಾಕಿಗಳು, ಇವರೆಲ್ಲರ ಎದುರಿಗೆ ನಮ್ಮ ಮನೆಯ ಹೆಂಗಸು ಮಲಗುವಳೇ? ಅವಳು ಅಂಚಿನಲ್ಲಿ ಕುಳಿತು ಕೈಯಿಂದ ಒತ್ತಿ, "ಚೆನ್ನಾಗಿಯೇ ಇದೆ" ಎಂದಳು. ಹನ್ನೊಂದು ವರುಷ ಹಲಗೆಯನ್ನೂ ಚೆನ್ನಾಗಿಯೇ ಇದೆಯೆಂದವಳು ಅವಳು. ನಾನು ಅಂಗಡಿಯವರನ್ನು ಪಕ್ಕಕ್ಕೆ ಕರೆದು ಸಂಗತಿಯನ್ನು ತಿಳಿಸಿದೆನು. ಆತನು ಸಜ್ಜನ. "ಮಧ್ಯಾಹ್ನ ಎರಡು ಗಂಟೆಗೆ ಬನ್ನಿ ಸ್ವಾಮಿ, ಆಗ ಗಿರಾಕಿಗಳು ಇರುವುದಿಲ್ಲ. ಅಮ್ಮನವರು ಮಹಡಿಯ ಮೇಲೆ ನಿಶ್ಚಿಂತೆಯಾಗಿ ಮಲಗಿ ನೋಡಲಿ. ನಮ್ಮ ತಾಯಿಯನ್ನು ಜೊತೆಗೆ ಕಳುಹಿಸುತ್ತೇನೆ" ಎಂದನು. ಸ್ತ್ರೀಯರು ಕೊಳ್ಳಲು ಹೋಗುವಾಗ ಹೀಗೆ ಕೇಳಿಕೊಳ್ಳುವುದರಲ್ಲಿ ಸಂಕೋಚಪಡಬಾರದು. ಮಲಗದೆ ಕೊಂಡ ಹಾಸಿಗೆಯು ಕಾಲಿಗೆ ಹಾಕಿ ನೋಡದೆ ಕೊಂಡ ಚಪ್ಪಲಿಯಂತೆ.

ಮಹಡಿಯ ಮೇಲೆ ಆರು ಹಾಸಿಗೆಗಳನ್ನು ನೋಡಿದೆವು. ಪರೀಕ್ಷೆಯ ಕ್ರಮವು ಹೀಗೆ. ಅಂಗಾತವಾಗಿ ಮಲಗಿದವರ ಸೊಂಟದ ಕೆಳಗೆ ಅಂಗೈಯನ್ನು ತೂರಿಸಬೇಕು. ಕೈ ಸರಾಗವಾಗಿ ಆಚೆಗೆ ಹೋದರೆ ಹಾಸಿಗೆ ಬಹಳ ಗಟ್ಟಿ. ತೂರಿಸುವುದಕ್ಕೇ ಆಗದಿದ್ದರೆ ಮೈ ಮುಳುಗಿದೆಯೆಂದು ತಿಳಿಯಬೇಕು. ಸ್ವಲ್ಪ ಬಿಗಿಯಾಗಿ ತೂರಿದರೆ ಹದ. ಬಳಿಕ ಮಗ್ಗುಲಾಗಿ ಮಲಗಿಸಿ, ಹಿಂದೆ ನಿಂತವರು ಕತ್ತಿನಿಂದ ಸೊಂಟದವರೆಗೆ ಬೆನ್ನಿನ ಗೆರೆ ನೆಟ್ಟಗಿದೆಯೋ ಎಂದು ನೋಡಬೇಕು. ಮೊದಲನೆಯ ಗಟ್ಟಿ ಹಾಸಿಗೆಯ ಮೇಲೆ ಅವಳ ಸೊಂಟದ ಕೆಳಗೆ ನನ್ನ ಕೈ ಕಿಟಕಿಯಲ್ಲಿ ಹಾದಂತೆ ಹಾದುಹೋಯಿತು. ನಮ್ಮ ಮನೆಯ ಹಲಗೆಯ ಮೇಲೆ ಪ್ರತಿ ರಾತ್ರಿಯೂ ಅಷ್ಟು ಎಡೆಯಿದ್ದಿತಲ್ಲ! ನಾಲ್ಕನೆಯ ಹಾಸಿಗೆಯ ಮೇಲೆ ಮಗ್ಗುಲಾದವಳು ಬಹಳ ಹೊತ್ತು ಮಾತನಾಡಲಿಲ್ಲ. ಅಂಗಡಿಯವರ ತಾಯಿ, "ಏನಮ್ಮಾ, ಹೇಗಿದೆ?" ಎಂದು ಕೇಳಿದರು. "ಇದರಲ್ಲಿ ಭುಜ ನೋಯುವುದಿಲ್ಲ" ಎಂದಳು. ಅದು ನಾಲ್ಕು ಅಂಗುಲ ತೆಂಗಿನ ನಾರು, ಮೇಲೆ ಎರಡು ಅಂಗುಲ ಲೇಟೆಕ್ಸ್ ಉಳ್ಳದ್ದು.

ಅದೇ ಹಾಸಿಗೆಯ ಮೇಲೆ ನಾನು ಮಲಗಲು ನನಗೆ ಸ್ವಲ್ಪ ಮೆತ್ತಗಾಯಿತು. ನಾನು ಅವಳಿಗಿಂತ ೨೦ ಕಿಲೋಗ್ರಾಮ್ ಹೆಚ್ಚು ತೂಗುವವನು. ಒಂದೇ ಹಾಸಿಗೆಯು ಭಾರವುಳ್ಳವನಿಗೆ ಮೆತ್ತಗೂ ಹಗುರವಾದವಳಿಗೆ ಗಟ್ಟಿಯಾಗಿಯೂ ತೋರುವುದು ಸಹಜ. ಇಲ್ಲಿ ಯಾರು ಬಿಟ್ಟುಕೊಡಬೇಕು? ಎಂದಿನಂತೆ ಅವಳು, "ನಿಮಗೆ ಹೊಂದುವುದನ್ನೇ ತೆಗೆದುಕೊಳ್ಳೋಣ" ಎಂದಳು. ಅದನ್ನು ಕೇಳಿದ ಮೇಲೆ ನಾನು ಅಂಗಡಿಯವರೊಡನೆ ಆಲೋಚಿಸಿ, ೭೮ ಅಂಗುಲ ಉದ್ದ, ೩೬ ಅಂಗುಲ ಅಗಲದ ಎರಡು ಒಂಟಿ ಹಾಸಿಗೆಗಳನ್ನು ಕೊಂಡೆನು: ಅವಳಿಗೆ ಆ ನಾಲ್ಕನೆಯ ಬಗೆಯದು, ನನಗೆ ಅದೇ ಜಾತಿಯಲ್ಲಿ ಮೇಲಿನ ಪದರ ತೆಳುವಾಗಿರುವುದು. ಆರೂವರೆ ಅಡಿ ಉದ್ದ, ಆರಡಿ ಅಗಲದ ನಮ್ಮ ತೇಗದ ಮಂಚದ ಮೇಲೆ ಎರಡೂ ಜೋಡಿಯಾಗಿ ಕುಳಿತುಕೊಳ್ಳುವುವು. ಮೇಲೆ ಒಂದೇ ದೊಡ್ಡ ದುಪ್ಪಟಿಯನ್ನು ಹಾಸಿದರೆ ನಡುವಣ ಸಂದು ಕಾಣದು. ಗಂಡಹೆಂಡಿರಿಗೆ ಬೇರೆಬೇರೆ ಹಾಸಿಗೆಯೇ ಎಂದು ನಮ್ಮ ಅತ್ತಿಗೆಯವರು ಹುಬ್ಬೇರಿಸಿದರು. ಒಂದೇ ಹಲಗೆಯ ಮೇಲೆ ಹನ್ನೊಂದು ವರುಷ ಹೇಗಿದ್ದೆವೆಂಬುದು ಅವರಿಗೆ ತಿಳಿಯದು.

ಮಂಚವನ್ನೂ ದಿಂಬನ್ನೂ ಮರೆಯಬಾರದು. ನಮ್ಮ ಬಡಗಿಗಳು ಮಾಡಿದ ಮಂಚಗಳು ಅಂಗಡಿಯ ಅಳತೆಗೆ ಸರಿಹೋಗುವುದು ಅಪರೂಪ. ಕಟ್ಟಿನ ಒಳಗಡೆ ಟೇಪು ಹಿಡಿದು ಅಳೆದು, ಆ ಅಳತೆಯನ್ನು ಬರೆದುಕೊಂಡು ಹೋಗತಕ್ಕದ್ದು. ಪಟ್ಟಿಗಳ ನಡುವೆ ಬಹಳ ಎಡೆಯಿದ್ದರೆ ಹೊಸ ಹಾಸಿಗೆಯೂ ಜೋತುಬೀಳುವುದು. ದಿಂಬು ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಭುಜದ ಹೊರತುದಿಗೂ ನಡುವಣ ಎಡೆಯನ್ನು ತುಂಬುವಷ್ಟು ದಪ್ಪವಿರಬೇಕು, ಅಂಗಾತ ಮಲಗುವವರಿಗೆ ತೆಳುವಾಗಿರಬೇಕು. ಮಗ್ಗುಲಾದವರು ಮೊಳಕಾಲುಗಳ ನಡುವೆ, ಅಂಗಾತವಾದವರು ಮೊಳಕಾಲುಗಳ ಕೆಳಗೆ ಒಂದು ಚಿಕ್ಕ ದಿಂಬನ್ನಿಟ್ಟುಕೊಂಡರೆ ಸೊಂಟಕ್ಕೆ ಬಹಳ ಹಿತ. ಇದಕ್ಕೆ ಕಾಸಿನ ಖರ್ಚಿಲ್ಲ; ಹೊಸ ಹಾಸಿಗೆಯನ್ನು ಕೊಳ್ಳಲಾರದವರು ಇದನ್ನೇ ಮೊದಲು ಮಾಡಿ ನೋಡಬಹುದು. ಬೋರಲು ಮಲಗುವುದು ಕತ್ತಿಗೂ ಸೊಂಟಕ್ಕೂ ಒಳ್ಳೆಯದಲ್ಲ.

ಎಲ್ಲ ಬೆನ್ನುನೋವಿಗೂ ಹಾಸಿಗೆಯೇ ಕಾರಣವೆಂದು ನಂಬಿ ಕೂರಬಾರದು. ಬೆಳಿಗ್ಗೆ ಎದ್ದಾಗ ಹೆಚ್ಚಿದ್ದು, ಓಡಾಡಿದ ಮೇಲೆ ಕಡಮೆಯಾಗುವ ನೋವಾಗಿದ್ದು, ಬೇರೆಯವರ ಮನೆಯಲ್ಲಿ ಮಲಗಿದಾಗ ಇರದಿದ್ದರೆ ಹಾಸಿಗೆಯ ಮೇಲೆ ಸಂಶಯಪಡಬಹುದು. ಆದರೆ ಕಾಲುಗಳಲ್ಲಿ ಬಲ ತಗ್ಗಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಜ್ವರವಿದ್ದರೆ, ಕಾರಣವಿಲ್ಲದೆ ಮೈ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ವೃದ್ಧರು ಬಿದ್ದ ಮೇಲೆ ನೋವು ಬಂದರೆ, ಹೇಗೆ ಮಲಗಿದರೂ ರಾತ್ರಿಯ ನೋವು ತಗ್ಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸಾಧಾರಣವಾದ ನೋವಿಗೆ ದಿನಗಟ್ಟಳೆ ಮಲಗಿಯೇ ಇರುವುದು ಕೂಡದೆಂದೂ, ಆದಷ್ಟು ನಡೆದಾಡುತ್ತಿರಬೇಕೆಂದೂ ಈಗಿನ ವೈದ್ಯರ ಮತ. ನಾನೂ ಸಂಜೆ ರೈಲು ನಿಲ್ದಾಣದವರೆಗೆ ನಡೆದುಬರುವ ಅಭ್ಯಾಸವನ್ನು ಮಾಡಿಕೊಂಡಿದ್ದೇನೆ. ನನ್ನ ಬೆನ್ನು ಸುಧಾರಿಸಿರುವುದು ಹಾಸಿಗೆಯಿಂದ ಎಷ್ಟು, ನಡಿಗೆಯಿಂದ ಎಷ್ಟು ಎಂದು ಈ ಸಲ ನಾನು ತೀರ್ಮಾನ ಹೇಳಲಾರೆ. ಕಾಗೆಯ ವಿಷಯದಲ್ಲಿ ಒಮ್ಮೆ ಪೆಟ್ಟು ತಿಂದವನು.

ಹಾಸಿಗೆಯನ್ನು ಕೊಂಡ ಬಳಿಕ ಮೊದಲ ಎರಡು ಮೂರು ವಾರ ಮೈಗೆ ಹೊಸತೆನಿಸಬಹುದು, ಕೂಡಲೆ ತೀರ್ಪುಕೊಡಬಾರದು. ಮೂರು ತಿಂಗಳಿಗೊಮ್ಮೆ ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಿ ಹಾಕಬೇಕು. ಎರಡು ಬದಿಯಲ್ಲಿಯೂ ಮಲಗಬಹುದಾದದ್ದಾದರೆ ಮಗುಚಿಯೂ ಹಾಕಬೇಕು. ಅರಳೆಯದನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯತಕ್ಕದ್ದು. ಫೋಮನ್ನೂ ಲೇಟೆಕ್ಸನ್ನೂ ಬಿಸಿಲಿಗಿಡದೆ ನೆರಳಿನ ಗಾಳಿಯಲ್ಲಿ ಮಾತ್ರ ಆರಿಸತಕ್ಕದ್ದು. ಮಲೆನಾಡಿನವರೂ ಕರಾವಳಿಯವರೂ ಮಳೆಗಾಲದಲ್ಲಿ ಮಂಚದ ಅಡಿಯಲ್ಲಿ ಸಾಮಾನು ತುಂಬದೆ ಗಾಳಿಯಾಡಲು ಬಿಡಬೇಕು, ಇಲ್ಲವಾದರೆ ಬೂಷ್ಟು ಹಿಡಿಯುವುದು. ಮಲಗುವ ಜಾಗದಲ್ಲಿ ಹಳ್ಳವಾಗಿ, ಎದ್ದ ಮೇಲೂ ಅದು ತುಂಬಿಕೊಳ್ಳದಿದ್ದರೆ ಗ್ಯಾರಂಟಿಯ ಕಾಗದದಲ್ಲಿ ಎಷ್ಟು ವರುಷ ಬರೆದಿದ್ದರೂ ಆ ಹಾಸಿಗೆಯ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು.

ನಮ್ಮ ಮದುವೆಯ ಅರಳೆಯ ಹಾಸಿಗೆಯನ್ನು ಮೊನ್ನೆ ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿದೆವು. ಅರಸೀಕೆರೆಯ ಕಡೆ ಹಿಂಜುವ ಯಂತ್ರವನ್ನಿಟ್ಟುಕೊಂಡವರೊಬ್ಬರು ಇದ್ದಾರೆಂದು ತಿಳಿದುಬಂದಿದೆ. ಅದರಿಂದ ಬಂದುಹೋಗುವವರಿಗೆ ಎರಡು ಚಿಕ್ಕ ಹಾಸಿಗೆಗಳನ್ನು ಮಾಡಿಸಬೇಕೆಂದು ನಮ್ಮ ಮನೆಯಾಕೆಯ ಯೋಚನೆ. ಅವಳು ಈಗ ಆರು ಗಂಟೆಯವರೆಗೆ ಮಲಗುವಳು. ಬೆಳಗಿನ ಕಾಫಿಯ ಡಿಕಾಕ್ಷನ್ ಹಾಕುವುದು ನನ್ನ ಪಾಲಿಗೆ ಬಂದಿದೆ. ಇನ್ನೂ ಹದ ಸಿಕ್ಕಿಲ್ಲವೆಂದು ಅವಳ ಆಕ್ಷೇಪಣೆ. ಪ್ಲೈವುಡ್ಡಿನ ಹಲಗೆಯನ್ನು ಎರಡಾಗಿ ಕೊಯ್ಯಿಸಿ ಮಾಳಿಗೆಯ ಮೇಲೆ ಇರಿಸಿದ್ದೇವೆ. ಈ ಬೇಸಗೆಯಲ್ಲಿ ಅದರ ಮೇಲೆ ಸಂಡಿಗೆಯನ್ನು ಇಟ್ಟರು; ಚೆನ್ನಾಗಿ ಒಣಗಿದುವು.